ಹಗೇವಿನ ಬಾಯಿಗೆ ಕುಳಿತಿದ್ದೆ

ನಮ್ಮ ಸಹನಾಳ ಕೂಸು ಗೊರಕೆ ಹೊಡೆಯುತ್ತದೆ! ಹೆಣ್ಣುಕೂಸು, ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ, ಅಂಗೈಯಷ್ಟು ಮುಖ, ಅದರಲ್ಲಿ ಕಡಲೆಕಾಳಿನಷ್ಟು ಮೂಗು, ಆ ಮೂಗಿನಿಂದ ಬರುವ ಸದ್ದು ಮಾತ್ರ ಹೊಲದಿಂದ ದಣಿದು ಬಂದ ಗಂಡಸಿನದು. ನನಗೆ ಹಿಗ್ಗು ತಡೆಯಲಾಗುತ್ತಿಲ್ಲ. ಸಹನಾ ನನ್ನ ಮಗನ ಮಗಳು, ಹಾನಗಲ್ಲಿಗೆ ಕೊಟ್ಟಿದ್ದೇವೆ. ಅವಳಿಗೆ ಮಕ್ಕಳಾಗಲಿಲ್ಲವೆಂದು ಎಷ್ಟು ಹರಕೆ ಹೊತ್ತೆ, ಎಷ್ಟು ಡಾಕ್ಟರರ ಬಾಗಿಲಲ್ಲಿ ಅವಳ ಕೈಹಿಡಿದು ಕುಳಿತೆ, ಅದನ್ನೆಲ್ಲ ಬರೆಯಲು ಹೋದರೆ ಕೂಸು ದೊಡ್ಡದಾಗಿಬಿಡುತ್ತದೆ. ಶಿಗ್ಗಾಂವಿಯಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಬಂಕಾಪುರದ ನಮ್ಮ ಮನೆಗೇ ಕರೆತಂದೆವು. ಹಿಟ್ಟಿನ ಗಿರಣಿಯವನಿಗೆ, ಹಾಲಿನವನಿಗೆ, ಬಸ್ಸು ಕಾಯುತ್ತ ನಿಂತಿದ್ದ ಗುರುತಿಲ್ಲದ ಹೆಂಗಸರಿಗೆ ಕೂಡ ಪೇಢೆ ಹಂಚಿದ್ದೇನೆ. ಮಗ ನಗುತ್ತಾನೆ, ನಗಲಿ. ಕೋಟೆಯ ಕಡೆಯಿಂದ ನವಿಲು ಕೂಗಿದರೂ ಕೂಸಿನ ನಿದ್ದೆ ಕೆಡುತ್ತದೆಂದು ನವಿಲನ್ನೇ ಬೈಯುವಷ್ಟು ತಲೆತಿರುಗಿದೆ ನನಗೆ. ತೊಟ್ಟಿಲಿನ ಪಕ್ಕ ಬಿಟ್ಟು ಏಳುವುದಿಲ್ಲ. ಮೊನ್ನೆ ಸಹನಾ ಔಷಧದ ಬಾಟಲಿ ಹಿಡಿದು ಬಂದಳು. ಅಜ್ಜಿಯಾದ ನನ್ನನ್ನು ಅವಳು ಅಮ್ಮ ಎಂದೇ ಕರೆಯುವುದು.

"ಅಮ್ಮಾ, ಮೂಗು ಕಟ್ಟೇತಿ ಅದಕ್ಕ. ಎರಡು ಹನಿ ಬಿಡ್ತೇನಿ, ಸ್ವಲ್ಪ ಸರಿ."

"ಬಿಡುವಂತಿ ತಡಿ. ಇನ್ನೊಂಚೂರು ಕೇಳ್ತೇನಿ."

"ಗೊರಕಿನೂ ಕೂತು ಕೇಳ್ತಾರೇನಬೇ ಯಾರರ? ಅಜ್ಜ ಗೊರಕಿ ಹೊಡದ್ರ ಅಳ್ಳಾಡಿಸಿ ಎಬ್ಬಸ್ತಿದ್ದೆಂತ. 'ನಿಮ್ಮ ಅಮ್ಮನ್ನ ಮಾಡಿಕೊಂಡಾಗಿಂದ ಒಂದಿನಾನೂ ತುಂಬ ನಿದ್ದಿ ಇಲ್ಲ' ಅಂತಿದ್ದ ಪಾಪ."

ಅವಳು ಹೇಳಿದ್ದು ಸುಳ್ಳಲ್ಲ. ಬದುಕಿರುವತನಕ ನನ್ನ ಗಂಡನ ಗೊರಕೆಯನ್ನು ನಾನು ಸಹಿಸಲಿಲ್ಲ. ಸದ್ದು ಶುರುವಾದರೆ ಎದೆ ಹಿಡಿದುಕೊಳ್ಳುತ್ತಿತ್ತು, ನಿಂತರೆ ಇನ್ನೂ ಹೆಚ್ಚು. ಯಾಕೆ ಎಂದು ಅವರಿಗೂ ಹೇಳಿರಲಿಲ್ಲ. ಈಗ ಈ ಹಿಗ್ಗಿನಲ್ಲಿ ಬಾಯಿ ಬಿಟ್ಟಿದ್ದೇನೆ, ಬರೆದೇ ಬಿಡುತ್ತೇನೆ. ಅದಕ್ಕೆ ನಾನು ಹುಟ್ಟಿದ ಮನೆಗೆ ಹೋಗಬೇಕು.

ಆ ಮನೆ ಹತ್ತಿಮತ್ತೂರಿನ ಆಚೆ, ಕರಿಮಣ್ಣಿನ ನಡುವಿನ ಒಂದು ಸಣ್ಣ ಊರಿನಲ್ಲಿತ್ತು. ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ. ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನಗಳು, ಆಮೇಲೆ ಮನುಷ್ಯರು. ಎಡಗಡೆ ಮೇವು ಹಾಕುವ ಗ್ವಾದಲಿಗೆ ಕಟ್ಟಿದ ಜೋಡೆತ್ತು, ಒಂದು ಆಕಳು. ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಕಿಟಕಿ ಎಂಬುದಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತಿತ್ತು, ಅದು ನಡುಮನೆಯ ಯಾವ ಮೂಲೆಗೆ ಬಿದ್ದಿದೆ ಎಂದು ನೋಡಿ ಅಮ್ಮ ಹೊತ್ತು ಹೇಳುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು, ಹೆತ್ತವಳನ್ನು ಅವ್ವ. ಅಜ್ಜ ನಾನು ಹುಟ್ಟುವ ಮೊದಲೇ ಹೋಗಿದ್ದ. ಆ ಮನೆ ನಡೆಯುತ್ತಿದ್ದುದು ಅಮ್ಮನ ಮೇಲೆ. ಅವಳು ಗಟ್ಟಿಯಾಗಿ ಮಾತಾಡಿದವಳಲ್ಲ, ಆದರೆ ರೊಟ್ಟಿಯ ಬುಟ್ಟಿ ಯಾವಾಗಲೂ ಅವಳ ಮೊಣಕಾಲಿಗೆ ತಾಗಿಯೇ ಇರುತ್ತಿತ್ತು. ಬಡಿಯುವವಳು ಅವ್ವ, ಬೇಯಿಸುವವಳು ಚಿಕ್ಕಪ್ಪನ ಹೆಂಡತಿ ಚಿಗವ್ವ, ಕೈಯೆತ್ತಿ ಕೊಡುವವಳು ಮಾತ್ರ ಅಮ್ಮ. ಜಗಳವಾದ ದಿನ ಕೂಡ ಅವಳ ಮುಂದೆ ಕೈಚಾಚಿಯೇ ಉಣ್ಣಬೇಕು. ಕೈಚಾಚಿದರೆ ಜಗಳ ಮುಗಿಯಿತು ಎಂದು ಲೆಕ್ಕ. ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಸುದ್ದಿ ಬಂದಾಗಲೆಲ್ಲ ಅಮ್ಮ ತನ್ನ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಯುದ್ಧ ಮುಗಿದಿತ್ತು. ಎಲ್ಲಿಯ ಯುದ್ಧ, ಯಾರ ಯುದ್ಧ ಎಂದು ನಮಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಅದು ಗೊತ್ತಿದ್ದುದು ಎರಡೇ ಕಾರಣಕ್ಕೆ. ಒಂದು, ಅಪ್ಪನ ತಮ್ಮ ಫಕೀರಪ್ಪ ಕಾಕಾ ದಂಡಿಗೆ ಹೋಗಿ ತಿರುಗಿ ಬಂದಿದ್ದ. ಇನ್ನೊಂದು, ಚಿಮಣಿ ಎಣ್ಣೆ, ಸಕ್ಕರೆ, ಸೀರೆ ಎಲ್ಲವೂ ಕಂಟ್ರೋಲಿನ ಅಂಗಡಿಗೆ ಹೋಗಿ ಕೂತಿದ್ದವು, ಹೊಲದಲ್ಲಿ ಬೆಳೆದ ಜೋಳಕ್ಕೆ ಲೆವಿ ಬಂದಿತ್ತು. ಇಂತಿಷ್ಟು ಕಾಳು ಸರಕಾರಕ್ಕೆ ಅಳೆಯಬೇಕು. ಅಳೆಯದಿದ್ದರೆ ಮನೆಗೆ ಬಂದು ಹುಡುಕಿ ಒಯ್ಯುತ್ತಾರೆ. ಯುದ್ಧ ಮುಗಿದ ಮೇಲೂ ಅದು ಮುಗಿಯಲಿಲ್ಲ. ನಮ್ಮ ಊಟದಲ್ಲಿ ಅದು ಕಾಣುತ್ತಿತ್ತು. ರೊಟ್ಟಿ ತೆಳ್ಳಗಾಯಿತು, ಸಂಜೆಯ ರೊಟ್ಟಿ ನುಚ್ಚಾಯಿತು, ನುಚ್ಚು ಅಂಬಲಿಯಾಯಿತು. ಪುಂಡಿಪಲ್ಲೆ ಮಾತ್ರ ಹಿತ್ತಲಲ್ಲಿ ಬೇಕಾದಷ್ಟು ಬೆಳೆಯುತ್ತಿತ್ತು. ಅದರ ಹುಳಿ ಈಗಲೂ ನಾಲಿಗೆಗೆ ಬಂದರೆ ನನಗೆ ಹೊಟ್ಟೆ ಹಸಿಯುತ್ತದೆ.

ಕಾಕಾ ದಂಡಿನಿಂದ ತಂದದ್ದು ಒಂದು ದಪ್ಪನೆಯ ಕೋಟು, ಅಗಲವಾದ ಚರ್ಮದ ಬೆಲ್ಟು, ಒಂದು ಮಗ್ಗು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ತಂದಿರಲಿಲ್ಲ. ಆ ಬೆಲ್ಟನ್ನು ಧೋತರದ ಮೇಲೆಯೇ ಬಿಗಿಯುತ್ತಿದ್ದ. ಊರವರು ನಗುತ್ತಿದ್ದರು. ಮನೆಯೊಳಗೆ ಅವನಿಗೆ ಉಸಿರು ಕಟ್ಟುತ್ತದೆಂದು ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ, ನನ್ನನ್ನು ಕೋಟಿನೊಳಗೆ ಸುತ್ತಿಕೊಂಡು. ಅವನ ಗೊರಕೆ ಓಣಿಗೆಲ್ಲ ಪ್ರಸಿದ್ಧ. ಮೊದಲು ಗೊಗ್ಗರು ದನಿ, ನಡುವೆ ಒಂದು ಸೀಟಿ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಗೊಗ್ಗರು ದನಿ. ಚಿಗವ್ವ ಗಂಗವ್ವನಿಗೆ ಅದೇ ತಮಾಷೆಯ ವಸ್ತು, ಅವನೆದುರೇ ನನಗೆ ಹೇಳಿ ನಗುತ್ತಿದ್ದಳು.

"ದಂಡಿನ್ಯಾಗ ಇವರನ್ನ ಯಾಕ ಕರಕೊಂಡಿದ್ರು ಗೊತ್ತೇನ ನೀಲಿ? ತೋಪು ಸಾಲದಿದ್ರ ಇವರನ್ನ ಮಲಗಸಾಕ."

"ನಗು, ನಗು. ನಾ ಇಲ್ಲದಾಗ ನಿದ್ದಿ ಬರಲಿಲ್ಲ ಅಂತ ಅತ್ತಾಕಿ ನೀನ."

"ಅತ್ತಿದ್ದು ಯಾರು? ಎತ್ತು ಅತ್ತಿದ್ವು."

ಚಿಗವ್ವ ಆಗ ಬಸುರಿ. ಮದುವೆಯಾದ ಹೊಸತರಲ್ಲಿ ಗಂಡ ದಂಡಿಗೆ ಹೋಗಿ, ಎಷ್ಟೋ ವರ್ಷ ಅವನು ಇದ್ದಾನೋ ಇಲ್ಲವೋ ತಿಳಿಯದೆ ಕಳೆದವಳು. ಈಗ ನಗುವುದಕ್ಕೆ ಅವಳಿಗೆ ಕಾರಣವೇ ಬೇಕಿರಲಿಲ್ಲ.

ಹಗೇವು ಎಂದರೆ ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ. ನೆಲದೊಳಗೆ ಕಾಳು ಇಡುವ ಗುಂಡಿ ಅದು. ಒಬ್ಬರ ಮೇಲೊಬ್ಬರು ನಿಂತಷ್ಟು ಆಳ, ಒಳಗೆ ಗುಡಾಣದಂತೆ ಅಗಲ, ಬಾಯಿ ಮಾತ್ರ ತೆಳ್ಳನೆಯ ಗಂಡಸು ಭುಜ ಓರೆ ಮಾಡಿ ಇಳಿಯುವಷ್ಟು. ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳಿಗೆ ಗಾಳಿಯಿಲ್ಲ, ಹುಳವಿಲ್ಲ. ಆದರೆ ಒಳಗೆ ಕೆಟ್ಟಗಾಳಿ ನಿಲ್ಲುತ್ತದೆ. ಅದಕ್ಕೇ ಹಗೇವು ತೆಗೆದ ದಿನ ಯಾರೂ ಕೂಡಲೇ ಇಳಿಯುವುದಿಲ್ಲ. ಬೆಳಿಗ್ಗೆ ಬಾಯಿ ತೆರೆದರೆ ಮಧ್ಯಾಹ್ನದವರೆಗೆ ಹಾಗೆಯೇ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಹಣತೆ ಇಟ್ಟು ಇಳಿಸಬೇಕು. ಹಣತೆ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೂ ಕಾಯಬೇಕು. ನಮ್ಮ ಹಗೇವು ಮನೆಯೊಳಗೇ, ದನ ಕಟ್ಟುವ ಜಾಗದಲ್ಲಿ ಇತ್ತು. ಮೇಲೆ ಸಗಣಿ, ಹುಲ್ಲು ಬಿದ್ದಿದ್ದರೆ ಅಲ್ಲಿ ಏನಾದರೂ ಇದೆ ಎಂದು ಕಾಣುತ್ತಲೇ ಇರಲಿಲ್ಲ.

ಬೀಜದ ಜೋಳವನ್ನು ಯಾರೂ ಹಗೇವಿಗೆ ಹಾಕುವುದಿಲ್ಲ. ಒಳಗಿನ ಕಾವಿಗೆ ಅದರ ಮೊಳಕೆ ಸಾಯುತ್ತದೆ. ಬೀಜವೆಂದರೆ ಬೂದಿ ಬೆರೆಸಿ ಮಡಕೆಯಲ್ಲಿಡುವುದು, ಇಲ್ಲವೇ ತೆನೆಗಳನ್ನೇ ತೊಲೆಗೆ ತೂಗುಬಿಡುವುದು. ಆದರೆ ಆ ವರ್ಷ ಲೆವಿಯವರು ತೂಗುಬಿಟ್ಟ ತೆನೆಯನ್ನೂ ಬಿಡುವುದಿಲ್ಲವೆಂಬ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ, ಅಪ್ಪ ಹೆದರಿದ. ಆಷಾಢದ ಜಿಟಿಜಿಟಿ ಮಳೆಯಲ್ಲಿ, ಹಸಿ ಹೊಡೆದ ಬೀಜದ ಚೀಲಗಳನ್ನೇ ಅಪ್ಪ ಮತ್ತು ಕಾಕಾ ಹಗೇವಿಗೆ ಇಳಿಸಿದರು. ಅಮ್ಮ ಬೇಡವೆಂದಳು.

"ಬೀಜ ಹುಗೀಬ್ಯಾಡ್ರಲೇ. ಅದನ್ನ ಹುಗಿಯೂದು ಹೊಲದಾಗ."

"ಹೊಲಕ್ಕ ಹೋಗೂತನಕ ಉಳೀಬೇಕಲ್ಲಬೇ ಯವ್ವಾ," ಎಂದ ಅಪ್ಪ.

ಭಾದ್ರಪದದ ಒಂದು ಮುಂಜಾನೆ ಎಲೆಯ ಇಮಾಮ್‌ಸಾಬ್ ಬಂದ. ಸವಣೂರಿನಿಂದ ವೀಳ್ಯದೆಲೆಯ ಪಿಂಡಿ ಹೊತ್ತು ಊರೂರಿಗೆ ಮಾರುತ್ತಿದ್ದವನು, ಅಜ್ಜನ ಕಾಲದಿಂದ ನಮ್ಮ ಮನೆಯವರಿಗೆ ಬೇಕಾದವನು. ಆ ದಿನ ಎಲೆ ಬಿಚ್ಚಲಿಲ್ಲ, ಹೊಸಿಲಿನಲ್ಲೇ ನಿಂತು ಅಪ್ಪನನ್ನು ಕರೆದ.

"ಬಸಪ್ಪಾ, ಹತ್ತಿಮತ್ತೂರಾಗ ಬಂದಾರ. ಕಬ್ಬಿಣದ ಹಾರಿ ಹಿಡದು ನೆಲ ಕುಟ್ಟಾಕತ್ತಾರ. ಡೊಬ್ ಅಂತು ಅಂದ್ರ ಅಗದು ತಗೀತಾರ. ನಿಮ್ಮ ಊರಿಗೆ ಇವತ್ತ ಬರ್ತಾರ ನೋಡಪಾ."

ಅವನು ನೀರು ಕುಡಿದು ಬೇರೆಯವರಿಗೆ ಹೇಳಲು ಹೊರಟ. ಅಪ್ಪನ ಮುಖ ನನಗೆ ಈಗಲೂ ಕಾಣುತ್ತದೆ. ಊಟದ ಜೋಳ ಹೋದರೆ ಗೆಡ್ಡೆಗೆಣಸು ತಿಂದು ಬದುಕಬಹುದು. ಬೀಜ ಹೋದರೆ ಹಸ್ತ ಮಳೆ ಬಂದಾಗ ಹೊಲಕ್ಕೆ ಏನು ಒಯ್ಯುವುದು? ಬೀಜದ ಚೀಲ ಮೇಲೆತ್ತಿ ಹಿತ್ತಲಿನ ಬಣವೆಯಲ್ಲಿ ಅಡಗಿಸುವುದೆಂದು ಅಣ್ಣತಮ್ಮಂದಿರು ನಿಂತ ನಿಲುವಿನಲ್ಲೇ ತೀರ್ಮಾನಿಸಿದರು. ಎತ್ತು ಬಿಚ್ಚಿ ಹೊರಗೆ ಕಟ್ಟಿದರು, ಹುಲ್ಲು ಸರಿಸಿದರು, ಹಾಸುಗಲ್ಲು ಎತ್ತಿದರು. ಒಳಗಿನಿಂದ ಹುಳಿಮೊಸರಿನಂಥ ಬೆಚ್ಚನೆಯ ವಾಸನೆ ಬಂತು. ನನಗೆ ಆ ವಾಸನೆ ಇಷ್ಟ, ಹಗೇವಿನ ಜೋಳದ ರೊಟ್ಟಿಯಲ್ಲೂ ಅದೇ ವಾಸನೆ.

"ಹಣತಿ ಇಳಸ್ರಿ ಮೊದಲ," ಎಂದಳು ಅಮ್ಮ ಪಡಸಾಲೆಯಿಂದ.

"ಯವ್ವಾ, ಅದು ವರ್ಷಗಟ್ಟಲೆ ಮುಚ್ಚಿದ ಹಗೇವಿಗೆ. ಇದು ಮೊನ್ನೆ ಹಾಕಿದ ಕಾಳು. ಹೊಸಾ ಹಗೇವಿಗೆ ಎಲ್ಲಿ ಕೆಟ್ಟಗಾಳಿ?" ಎಂದ ಕಾಕಾ. ಹಾಗೆಂದವನು ಅವನೊಬ್ಬನೇ ಅಲ್ಲ, ಆಗ ನಮ್ಮ ಕಡೆ ಎಲ್ಲರೂ ಹಾಗೇ ತಿಳಿದಿದ್ದರು. ಹಸಿ ಕಾಳೇ ಬೇಗ ಗಾಳಿ ಕೆಡಿಸುತ್ತದೆಂದು ನಾವು ಕಲಿತದ್ದು ಆ ದಿನ.

ತೆಳ್ಳಗಿದ್ದವನು ಕಾಕಾ, ಅವನೇ ಇಳಿದ. ನನ್ನ ಕೆನ್ನೆ ಚಿವುಟಿ, ಗೋಡೆಯ ಕಚ್ಚುಗಳಲ್ಲಿ ಕಾಲಿಟ್ಟು ಇಳಿದ. ಹಗೇವು ಅರ್ಧ ಖಾಲಿಯೇ ಇತ್ತು, ಅವನ ತಲೆ ಕತ್ತಲಲ್ಲಿ ಕಾಣದಾಯಿತು. ಹಗ್ಗಕ್ಕೆ ಕಟ್ಟಿದ ಒಂದು ಚೀಲ ಮೇಲೆ ಬಂತು. ಅಪ್ಪ ಅದನ್ನು ಪಕ್ಕಕ್ಕಿಟ್ಟು ಹಗ್ಗ ಮತ್ತೆ ಇಳಿಬಿಟ್ಟ. ಹಗ್ಗ ಅಲುಗಲಿಲ್ಲ.

"ಫಕೀರಾ, ಕಟ್ಟಿದೇನ?"

ಅಪ್ಪ ಹಗ್ಗ ಜಗ್ಗಿದ. ಬರೀ ಹಗ್ಗ ಮೇಲೆ ಬಂತು.

"ಫಕೀರಾ! ಏ ಫಕೀರಾ!"

ಅಪ್ಪ ತಲೆಯ ರುಮಾಲು ಕಿತ್ತೆಸೆದು ಬಾಯಿಗೆ ಕಾಲಿಟ್ಟ. ಅಮ್ಮ ಪಡಸಾಲೆಯಿಂದ ಇಳಿದದ್ದು ನಾನು ನೋಡಲಿಲ್ಲ. ನೋಡಿದಾಗ ಅವಳು ಹಗೇವಿನ ಬಾಯಿಯ ಮೇಲೆ ಬೋರಲು ಬಿದ್ದಿದ್ದಳು. ಎದೆ ಬಾಯಿಗೆ ಒತ್ತಿ, ಎರಡು ಕೈಯಿಂದ ನೆಲ ಹಿಡಿದು.

"ಬಿಡಬೇ! ಸರೀಬೇ ಯವ್ವಾ! ಸಾಯ್ತಾನ ಅವಾ!"

"ನೀನೂ ಸಾಯ್ತಿ."

"ಅವಾ ನಿನ್ನ ಹೊಟ್ಯಾಗ ಹುಟ್ಟಿದವನ ಹೌದಲ್ಲ?"

"ಹೌದ್ಲೇ. ನೀನೂ ಹೌದು."

ಅಪ್ಪ ಅವಳ ರಟ್ಟೆ ಹಿಡಿದು ಎಳೆದ. ಹೆತ್ತ ತಾಯಿಯನ್ನು ಸಗಣಿಯ ಮೇಲೆ ದರದರ ಎಳೆದ. ಅವನು ಗಟ್ಟಿ ಆಳು, ಅವಳು ಒಣಗಿದ ಮುದುಕಿ. ಅವಳ ಮೈ ಬಾಯಿಯಿಂದ ಸರಿಯುತ್ತ ಬಂದಾಗ ಅವಳ ಕೈಗೆ ನಾನು ಸಿಕ್ಕೆ. ನನ್ನನ್ನು ಎಳೆದು ಹಗೇವಿನ ಅಂಚಿಗೆ ಕೂರಿಸಿದಳು, ಎರಡೂ ಕಾಲು ಒಳಗೆ ಇಳಿಬಿದ್ದವು. ನನ್ನ ಸೊಂಟವನ್ನು ಸುತ್ತುವರಿದು ಹಿಡಿದಳು.

"ಕುಂದ್ರು ನೀಲಿ. ಏಳಬ್ಯಾಡ." ಆಮೇಲೆ ಅಪ್ಪನಿಗೆ: "ಈಗ ಇಳಿ. ನಿನ್ನ ಮಗಳನ್ನ ತುಳದು ಇಳಿ."

ಅಪ್ಪ ಅಲ್ಲಿಯೇ ನಿಂತ. ಅವನ ಗಂಟಲಿನಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ ಚಿಗವ್ವ ಓಡಿ ಬಂದಳು, ಅವಳನ್ನು ಅವ್ವ ತಬ್ಬಿ ಹಿಡಿದಳು. ಅಮ್ಮ ಒಂದೇ ಸಮನೆ ಹೇಳುತ್ತಿದ್ದಳು, "ಪಾತಾಳಗರಡಿ ತರ್ರಿ, ಓಡ್ರಿ, ಪಾತಾಳಗರಡಿ." ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು, ಊರಿಗೆಲ್ಲ ಒಂದೇ ಇತ್ತು. ಅಪ್ಪ ಓಡಿದ. ನಾನು ಕುಳಿತೇ ಇದ್ದೆ. ಬೆಚ್ಚನೆಯ ಗಾಳಿ ಅಂಗಾಲಿಗೆ ತಾಗುತ್ತಿತ್ತು. ಕೆಳಗಿನಿಂದ ಗೊರಕೆ ಕೇಳುತ್ತಿತ್ತು. ಗೊಗ್ಗರು ದನಿ, ನಡುವೆ ಸೀಟಿ, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಗೊಗ್ಗರು ದನಿ. ಕಾಕಾ ಮಲಗಿದ್ದಾನೆ, ಇವರೆಲ್ಲ ಯಾಕೆ ಅಳುತ್ತಾರೆ ಎಂದುಕೊಂಡೆ. ಆಮೇಲೆ ಗೊರಕೆ ನಿಂತಿತು. ಕಾಕಾ ಎದ್ದ ಎಂದುಕೊಂಡೆ.

ಅಪ್ಪ ಮತ್ತು ಇಮಾಮ್‌ಸಾಬ್ ಪಾತಾಳಗರಡಿ ತಂದರು. ಕೊಕ್ಕೆ ಆ ಅಗಲವಾದ ಬೆಲ್ಟಿಗೆ ಸಿಕ್ಕಿತು. ಮೇಲೆ ಬಂದ ಕಾಕಾನ ಮುಖ ನೀಲಿಗಟ್ಟಿತ್ತು, ಹುಬ್ಬಿನಲ್ಲಿ ಜೋಳದ ಕಾಳು ಅಂಟಿದ್ದವು. ಇಮಾಮ್‌ಸಾಬ್ ಎದೆ ತಿಕ್ಕಿದ, ನೀರು ಹೊಡೆದ, ಕೊನೆಗೆ ತನ್ನ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. ಯುದ್ಧಕ್ಕೆ ಹೋಗಿ ಬಂದವನನ್ನು ನಮ್ಮ ಮನೆಯ ಜೋಳ ನುಂಗಿತು.

ಸಂಜೆಯ ಮುಂಚೆ ಲೆವಿಯವರು ಬಂದರು. ಪಡಸಾಲೆಯಲ್ಲಿ ನಮ್ಮ ರೂಢಿಯಂತೆ ಕಾಕಾನನ್ನು ಕೂರಿಸಿ, ವಿಭೂತಿ ಹಚ್ಚಿದ್ದರು. ಬೀಜದ ಚೀಲ ದನದ ಜಾಗದಲ್ಲಿ ಇಟ್ಟಲ್ಲೇ ಇತ್ತು, ಹಗೇವಿನ ಬಾಯಿಯೂ ತೆರೆದೇ ಇತ್ತು. ಯಾರಿಗೂ ಮುಚ್ಚುವ ನೆನಪಾಗಿರಲಿಲ್ಲ. ಅವರಲ್ಲಿ ಹಿರಿಯನು ಬಾಯಿಯನ್ನು ನೋಡಿದ, ಚೀಲ ನೋಡಿದ, ಕಾಕಾನನ್ನು ನೋಡಿದ. ಹಾರೆ ಹಿಡಿದವನಿಗೆ ಹೊರಗೆ ನಡೆ ಎಂದು ಸನ್ನೆ ಮಾಡಿದ.

"ಚೀಲ ಒಳಗ ಇಟಗೊಳ್ರಿ," ಎಂದ. "ಮಳಿ ಬರಂಗೈತಿ."

ಅಷ್ಟೇ. ನಮ್ಮ ಮನೆಯ ಕಡೆ ಅವರು ಮತ್ತೆ ಬರಲಿಲ್ಲ.

ಸೂತಕದ ದಿನಗಳಲ್ಲಿ ಚಿಗವ್ವ ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತಿರುತ್ತಿದ್ದಳು. ಅಮ್ಮ ಕೊಟ್ಟದ್ದನ್ನು ಅವ್ವ ಒಯ್ದು ಮುಂದಿಟ್ಟರೆ ಒಂದೆರಡು ತುತ್ತು ಉಣ್ಣುತ್ತಿದ್ದಳು, ಹೊಟ್ಟೆಯಲ್ಲಿನ ಕೂಸಿಗಾಗಿ. ಒಂದು ಮಧ್ಯಾಹ್ನ ನನ್ನನ್ನು ಕರೆದು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಬೆಳಕಿಂಡಿಯ ಬಿಸಿಲು ನನ್ನ ಮಡಿಲಿನಲ್ಲಿ ಬಿದ್ದಿತ್ತು.

"ನೀಲಿ, ನೀ ಬಾಯಿಗೆ ಕುಂತಿದ್ದೆಲ್ಲ, ನಿಮ್ಮ ಕಾಕಾ ಏನರ ಅಂದನೇನ?"

"ಇಲ್ಲ."

"ಅವ್ವಾ ಅಂತ? ನನ್ನ ಹೆಸರು?"

"ಏನೂ ಅನ್ನಲಿಲ್ಲ. ಗೊರಕಿ ಹೊಡ್ಯಾಕತ್ತಿದ್ದ."

ಬಾಚಣಿಗೆ ನನ್ನ ಕೂದಲಿನಲ್ಲಿ ನಿಂತಿತು. ಅವಳು ಅದನ್ನು ಅಲ್ಲಿಯೇ ಬಿಟ್ಟಳು. ನಾನೇ ಕಿತ್ತುಕೊಂಡೆ.

ಮರುದಿನ ಚಿಗವ್ವ ಎದ್ದು ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿದಳು. ಸೀಳಿದ ಜಾಲಿ ಕಟ್ಟಿಗೆ ಉರಿಸಿ ಒಂದು ಹಿಡಿ ನುಚ್ಚು ಬೇಯಿಸಿಕೊಂಡು ಉಂಡಳು. ಆ ಮನೆಯಲ್ಲಿ ಮೊದಲ ಬಾರಿಗೆ ಎರಡು ಹೊಗೆ ಎದ್ದವು. ಅವ್ವ ಓಡಿಹೋದಳು.

"ಗಂಗಾ, ಏನಿದು? ನಮ್ಮ ಮನ್ಯಾಗ ಒಲಿ ಒಡದ್ವು ಅಂತ ಓಣಿ ತುಂಬ ಆಡಿಕೊಳ್ಳಾಕತ್ತಾರ."

"ಆಡಿಕೊಳ್ಳಲಿ ಅಕ್ಕಾ. ಆ ಕೈಯಾನ ರೊಟ್ಟಿ ನನಗ ಇಳ್ಯಾಂಗಿಲ್ಲ. ಬದುಕಿದ್ದನಂತ ಅವಾ. ಕೇಳು ನಿನ್ನ ಮಗಳನ್ನ."

ಅವ್ವ ನನ್ನ ಕಡೆ ತಿರುಗಿದಳು. ನಾನು ಮತ್ತೊಮ್ಮೆ ಹೇಳಿದೆ, ಗೊರಕೆ ಹೊಡೆಯುತ್ತಿದ್ದನೆಂದು, ಕಾಕಾನ ಹಾಗೆ ಸೀಟಿ ಹಾಕಿ ತೋರಿಸಿಯೂ ತೋರಿಸಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ಅಡುಗೆಮನೆಯ ಬಾಗಿಲಿನಲ್ಲಿ ಅಮ್ಮ ನಿಂತಿದ್ದಳು. ಅವಳಿಗೆ ಕೇಳಿಸಿತ್ತು. ಒಳಗೆ ಹೋಗಿ ರೊಟ್ಟಿಯ ಬುಟ್ಟಿಯ ಮುಂದೆ ಕುಳಿತಳು. ಅಪ್ಪ ಆ ದಿನಗಳಲ್ಲಿ ಹೊಲದಲ್ಲೇ ಇರುತ್ತಿದ್ದ. ಬಂದರೂ ಅಮ್ಮನನ್ನು ಯವ್ವಾ ಎಂದು ಕರೆಯುತ್ತಿರಲಿಲ್ಲ, "ಹಾಕು" ಎಂದು ಕೈಚಾಚುತ್ತಿದ್ದ. ಕೈಚಾಚಿದರೂ ಜಗಳ ಮುಗಿಯಲಿಲ್ಲ. ಎಲ್ಲರೂ ಒಬ್ಬರ ಮಾತಿಗೊಬ್ಬರು ಬೆನ್ನುಮಾಡಿ ಉಣ್ಣುತ್ತಿದ್ದೆವು. ನಾನು ಮಾತಾಡುವುದನ್ನೇ ಕಡಿಮೆ ಮಾಡಿದೆ. ಬಾಯಿ ತೆರೆದರೆ ಮನೆಯಲ್ಲಿ ಏನೋ ಒಡೆಯುತ್ತದೆಂಬ ಹೆದರಿಕೆ. ಅದು ನನ್ನನ್ನು ಬಿಟ್ಟುಹೋಗಲು ಸಹನಾಳ ಈ ಕೂಸೇ ಬರಬೇಕಾಯಿತು.

ಉಳಿದ ಬೀಜದ ಚೀಲವನ್ನು ಅಪ್ಪ ಹಣತೆ ಇಳಿಸಿ, ಕಾದು, ಮೇಲೆತ್ತಿದ್ದ. ಅದು ಬದುಕಿದೆಯೋ ಸತ್ತಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಒಂದು ಹಿಡಿ ಕಾಳನ್ನು ಹಸಿಬಟ್ಟೆಯಲ್ಲಿ ಕಟ್ಟಿ ಒಲೆಯ ಹಿಂದೆ ಇಟ್ಟಳು. ಬೇರೆ ಬೀಜ ತರಲು ಊರಲ್ಲಿ ಯಾರ ಬಳಿಯೂ ಇರಲಿಲ್ಲ. ಇದು ಮೊಳೆಯದಿದ್ದರೆ ಬರುವ ವರ್ಷ ಉಣ್ಣುವುದಕ್ಕೇನಿಲ್ಲ, ಹುಟ್ಟುವ ಕೂಸಿಗೂ ಏನಿಲ್ಲ. ಬಟ್ಟೆ ಬಿಚ್ಚಿದ ಮುಂಜಾನೆ ಅಪ್ಪನೂ ಬಂದು ನಿಂತ. ಕಾಳಿನ ತುದಿಯಲ್ಲಿ ಬಿಳಿಯ ಮೊಳಕೆ ಕಂಡಿತು, ಅರ್ಧದಷ್ಟು ಕಾಳಿಗೆ. ಉಳಿದರ್ಧ ಕಪ್ಪಾಗಿ ಕೊಳೆತಿತ್ತು.

"ಅರ್ಧ ಬದುಕೇತಿ," ಎಂದಳು ಅಮ್ಮ. "ಒತ್ತಾಗಿ ಬಿತ್ತು."

ಹಸ್ತ ಮಳೆ ಹದವಾಗಿ ಬಂತು. ಬಿತ್ತುವ ದಿನ ಕೂರಿಗೆಗೆ ಸುಣ್ಣ ಹಚ್ಚಿ, ಅರಿಶಿನ ಕುಂಕುಮ ಹಾಕಿ, ಎತ್ತು ಹೂಡಿದರು. ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುವವಳು ಮನೆಯ ಮುತ್ತೈದೆಯಾಗಬೇಕು, ಗಂಡ ಸತ್ತವರು ಬಿತ್ತಬಾರದು. ಮೊದಲೆಲ್ಲ ಅದು ಚಿಗವ್ವನ ಕೆಲಸ, ಅವಳ ಕೈಯಿಂದ ಕಾಳು ಒಂದೇ ಸಮ ಬೀಳುತ್ತಿತ್ತು. ಆ ದಿನ ಅವ್ವ ಸೆರಗು ಕಟ್ಟಿ ನಿಂತಿದ್ದಳು. ಅಮ್ಮ ಬೀಜದ ಬುಟ್ಟಿಯನ್ನು ಅವಳ ಮುಂದಿನಿಂದ ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ. ಚಿಗವ್ವ ತನ್ನ ಮೂರು ಕಲ್ಲಿನ ಮುಂದೆ ಕುಳಿತಿದ್ದಳು.

"ಗಂಗವ್ವಾ, ಏಳು. ಬಿತ್ತಾಕ ಹೋಗು."

ಚಿಗವ್ವ ತಲೆಯೆತ್ತಲಿಲ್ಲ. "ಗಂಡ ಸತ್ತಾಕಿ ಕೈಲೆ ಬಿತ್ತಸ್ತೀರೇನ್ರಿ ಅತ್ತಿ? ಇನ್ನೂ ಯಾರನ್ನರ ಕೊಲ್ಲೂದೈತೇನು?"

ಅಮ್ಮ ಬುಟ್ಟಿಯನ್ನು ಕೆಳಗಿಟ್ಟು ಅವಳೆದುರು ನೆಲಕ್ಕೇ ಕುಳಿತಳು.

"ನನಗೂ ಕೇಳಿಸಿತ್ತು."

"ಏನ್ರಿ?"

"ಗೊರಕಿ. ಈ ಕೂಸಿಗೆ ಕೇಳಿಸಿದ್ದು ನನಗ ಕೇಳಿಸಲಾರದ ಇರ್ತೈತೇನು? ಎದಿ ಒತ್ತಿ ಬಿದ್ದಿದ್ದೆ ಅದರ ಮ್ಯಾಲ. ಹೆತ್ತಾಕಿ ನಾ, ಅವನ ಉಸಿರು ನನಗ ಗೊತ್ತಿಲ್ಲೇನು? ಇನ್ನೂ ಅದಾನ ಅಂತ ಗೊತ್ತಿದ್ದ ಬಿಡಲಿಲ್ಲ. ಬಸ್ಯಾ ಇಳದಿದ್ರ ಎರಡು ಗೊರಕಿ ಕೇಳತಿದ್ದೆ."

ಚಿಗವ್ವ ಉರಿಯುವ ಕಟ್ಟಿಗೆಯನ್ನು ಒಲೆಯೊಳಗೆ ಇನ್ನಷ್ಟು ತಳ್ಳಿದಳು.

"ಬೈ. ಮಾರಿಗೆ ಉಗುಳು. ಒಲಿ ಬ್ಯಾರೆ ಮಾಡಿದಿ, ಮಾಡು. ಕೇಳಿಸಲಿಲ್ಲ ಅಂತ ಮಾತ್ರ ನಾ ಸುಳ್ಳು ಹೇಳಂಗಿಲ್ಲ. ಇದು ಅವಾ ಇಳದಿದ್ದ ಬೀಜ. ಇದನ್ನ ಇನ್ನೊಬ್ಬರ ಕೈಲೆ ಬಿತ್ತಸಂಗಿಲ್ಲ."

ಒಲೆಯ ಮೇಲಿನ ನುಚ್ಚು ಸೀದು ವಾಸನೆ ಬಂತು. ಯಾರೂ ಇಳಿಸಲಿಲ್ಲ. ಚಿಗವ್ವ ಬಸುರಿ ಹೊಟ್ಟೆ ಹಿಡಿದು ಎದ್ದು, ಸೆರಗನ್ನು ಉಡಿ ಮಾಡಿ ಒಡ್ಡಿದಳು.

"ನಿಮ್ಮ ಕೈಯಾನ ರೊಟ್ಟಿ ನಾ ತಿನ್ನಂಗಿಲ್ರಿ."

"ಬ್ಯಾಡ. ಬೀಜ ಹಿಡಿ."

ಅಮ್ಮ ಬೊಗಸೆಬೊಗಸೆಯಾಗಿ ಅವಳ ಉಡಿ ತುಂಬಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈಯಿಟ್ಟುಕೊಂಡರು. ಕೂರಿಗೆ ಹೊಲಕ್ಕೆ ಹೋಯಿತು. ಅಪ್ಪ ಎತ್ತು ಹೊಡೆದ, ಚಿಗವ್ವ ಹಿಂದಿನಿಂದ ಕಾಳು ಬಿಟ್ಟಳು, ಸಾಲಿಗೆ ಸಾಲು, ತಲೆ ಎತ್ತದೆ. ಅಳುತ್ತಿದ್ದಳೋ ಏನೋ, ನನಗೆ ಬೆನ್ನಷ್ಟೇ ಕಾಣುತ್ತಿತ್ತು. ಕಾಳು ಮಾತ್ರ ಒಂದೇ ಸಮ ಬಿತ್ತು. ಆ ವರ್ಷ ಹೊಲ ತೇಪೆ ಹಾಕಿದ ಕಂಬಳಿಯಂತೆ ಎದ್ದಿತು, ಇಲ್ಲಿಷ್ಟು ಹಸಿರು, ಅಲ್ಲಿಷ್ಟು ಬೋಳು. ಅಷ್ಟರಲ್ಲಿಯೇ ಬದುಕಿದೆವು.

ಎಲ್ಲ ಸರಿಹೋಯಿತೆಂದು ಬರೆಯಲು ನನಗೆ ಆಸೆಯಿದೆ, ಆದರೆ ಹೋಗಲಿಲ್ಲ. ಹಿತ್ತಲಿನ ಮೂರು ಕಲ್ಲು ಅಮ್ಮ ಸಾಯುವತನಕ ಅಲ್ಲಿಯೇ ಇದ್ದವು. ಅಮ್ಮ ಹಾಸಿಗೆ ಹಿಡಿದಾಗ ಅವಳಿಗೆ ಅಂಬಲಿ ಕುಡಿಸಿದವಳು ಚಿಗವ್ವನೇ, ಆದರೂ ತಾನು ಉಂಡದ್ದು ಆ ಕಲ್ಲಿನ ಮೇಲಿನದನ್ನೇ. ಹಗೇವಿಗೆ ಮಣ್ಣು ತುಂಬಿ ಮುಚ್ಚಿದರು. ಆ ಜಾಗದ ಮೇಲೆ ನಮ್ಮ ಆಕಳು ಮಲಗುತ್ತಿರಲಿಲ್ಲ. ಅಪ್ಪ ತನ್ನ ತಾಯಿಯನ್ನು ಮತ್ತೆ ಯವ್ವಾ ಎಂದದ್ದು ಅವಳ ಹೆಣದ ಮುಂದೆ.

ಒಂದು ಮಾತ್ರ ಬೇರೆಯಾಗಿತ್ತು. ಸುಗ್ಗಿಯ ಹೊತ್ತಿಗೆ ಚಿಗವ್ವ ಗಂಡುಕೂಸು ಹೆತ್ತಳು. ಕೂಸಿಗೆ ಮೂಗು ಕಟ್ಟಿಯೋ, ತನ್ನಪ್ಪನ ಹೋಲಿಕೆಯೋ, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲು. ಚಿಗವ್ವ ಹೊಲಕ್ಕೆ ಹೋದಾಗ ಅಮ್ಮ ಮೆಲ್ಲಗೆ ಬಂದು ತೊಟ್ಟಿಲಿನ ಕೆಳಗೆ ಕುಳಿತುಕೊಳ್ಳುತ್ತಿದ್ದಳು. ತೂಗುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ, ಜೋಗುಳವಿಲ್ಲ. ಕಿವಿ ಕೊಟ್ಟು ಕುಳಿತಿರುತ್ತಿದ್ದಳು. ಒಂದು ದಿನ ಚಿಗವ್ವ ಬೇಗ ಬಂದಳು, ತಲೆಯ ಮೇಲಿನ ಜೋಳದ ಕಣಿಕೆಯ ಹೊರೆಯೊಂದಿಗೆ ಬಾಗಿಲಲ್ಲೇ ನಿಂತಳು. ಬಯ್ಯುತ್ತಾಳೆಂದುಕೊಂಡೆ. ಅವಳು ಅಮ್ಮನನ್ನು ನೋಡಿದಳು, ಹೊರೆಯನ್ನು ಸದ್ದಾಗದಂತೆ ಇಳಿಸಿ, ತಿರುಗಿ ಹಿತ್ತಲಿಗೆ ಹೋದಳು.

ಇಷ್ಟು ಬರೆಯುವುದರಲ್ಲಿ ಕೈ ಸೋತಿತು, ಅಕ್ಷರ ಸೊಟ್ಟಗಾದವು. ಸಹನಾ ಪಕ್ಕದಲ್ಲೇ ಮಲಗಿದ್ದಾಳೆ, ಬಾಣಂತಿಗೆ ನಿದ್ದೆ ಬೇಕು. ಕಿಟಕಿಯ ಬಿಸಿಲು ತೊಟ್ಟಿಲಿನವರೆಗೆ ಬಂದಿದೆ. ನಾನು ಕೆಳಗೆ ಕುಳಿತಿದ್ದೇನೆ. ಗೊಗ್ಗರು ದನಿ, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಗೊಗ್ಗರು ದನಿ. ಈಗ ಗೊರಕೆ ನಿಂತಿತು. ಲೇಖನಿ ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ತೊಟ್ಟಿಲೊಳಗೆ ಬಗ್ಗಿ ನೋಡಿದೆ.

ಎದ್ದಿದ್ದಳು.